ಕರಿಮರಳಿನಿಂದ ಕೋವಿಯ ನಳಿಗೆಯವರೆಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದೊಡನೆ ಕಣ್ಣಮುಂದೆ ಬರುವುದು ಬೋಳು ಬಂಡೆಯ ಬೆಟ್ಟಗಳು, ಅವುಗಳ ನೆತ್ತಿಯ ಮೇಲಿನ ಕೋಟೆಗಳು, ಕಡಲೆಕಾಯಿ ಹೊಲಗಳು ಮತ್ತು ಬೆನ್ನುಬಿಡದ ಬರ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೂ ಕೋವಿ ತಯಾರಿಕೆಯಂತಹ ಕೂದಲೆಳೆಯ ಲೆಕ್ಕದ ಕೆಲಸಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಇನ್ನೂರು ವರ್ಷಗಳ ಹಿಂದೆ ಈ ಬೆಟ್ಟಗಳ ಬುಡದಲ್ಲಿ ಕುಲುಮೆಗಳು ಉರಿಯುತ್ತಿದ್ದವು. ಹಳ್ಳದ ಮರಳಿನಿಂದ ಕಬ್ಬಿಣ, ಕಬ್ಬಿಣದಿಂದ ಉಕ್ಕು ಹೊರಬರುತ್ತಿತ್ತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಯುರೋಪಿನವರೂ ಬೆರಗಾಗುವಂತಹ ಕೋವಿಗಳನ್ನು ತಯಾರಿಸಿದ ಮೈಸೂರು ರಾಜ್ಯದ ಉಕ್ಕಿನ ನೆಲೆಗಳಲ್ಲಿ ಈ ಸೀಮೆಯೂ ಒಂದು.

ಒಂದು ಒಳ್ಳೆಯ ಕೋವಿ ಒಬ್ಬನ ಕೈಯಿಂದ ಆಗುವುದಲ್ಲ. ಮರಳು ತೊಳೆಯುವವನು, ಇದ್ದಿಲು ಸುಡುವವನು, ಮೂಸೆಯಲ್ಲಿ ಉಕ್ಕು ಕರಗಿಸುವವನು, ನಳಿಗೆ ಬೆಸೆಯುವವನು, ಅದನ್ನು ಕೊರೆಯುವವನು, ಕುದುರೆ ಮತ್ತು ಸ್ಪ್ರಿಂಗುಗಳನ್ನು ಅರದಿಂದ ಉಜ್ಜಿ ಕೂರಿಸುವವನು, ಮರದ ಹಿಡಿ ಕೆತ್ತುವವನು ಹೀಗೆ ಅದೊಂದು ಸರಪಳಿ. ಈ ಸರಪಳಿಯ ಮೊದಲ ಕೊಂಡಿಗಳು ಮಧುಗಿರಿ, ಕೊರಟಗೆರೆಗಳಂತಹ ಊರುಗಳಲ್ಲಿದ್ದವು. ಕೊನೆಯ ಕೊಂಡಿ ಶ್ರೀರಂಗಪಟ್ಟಣ, ಬೆಂಗಳೂರುಗಳಲ್ಲಿತ್ತು. ಕೊನೆಯ ಕೊಂಡಿ ಕಳಚಿದಾಗ ಮೊದಲನೆಯವೂ ಒಂದೊಂದಾಗಿ ಬಿದ್ದುಹೋದವು. ಒಂದು ಕಸುಬು ಹೇಗೆ ಕಲಿಯಲ್ಪಡುತ್ತದೆ, ಹೇಗೆ ಮರೆತುಹೋಗುತ್ತದೆ ಎಂಬುದನ್ನು ಅರಿಯಲು ಈ ಸೀಮೆಯ ಕಥೆಯೇ ಸಾಕು.

ಮಳೆ ತಂದ ಅದಿರು

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ. ಬೆಳೆ, ಭೂಮಿ, ಜಾತಿ, ಕಸುಬು, ತೆರಿಗೆ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವುದು ಅವನ ಕೆಲಸ. ಮಧುಗಿರಿ, ಚನ್ನರಾಯನದುರ್ಗ, ಶಿರಾ ಪ್ರದೇಶಗಳಿಗೂ ಅವನು ಬಂದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಈ ಭಾಗದ ಕಬ್ಬಿಣ ಮತ್ತು ಉಕ್ಕಿನ ಕೆಲಸದ ಬಗ್ಗೆ ಇಂದು ತಿಳಿದಿರುವ ವಿವರಗಳಲ್ಲಿ ಬಹುಪಾಲು ಅವನು ಬರೆದಿಟ್ಟದ್ದು.

ಇಲ್ಲಿನ ಅದಿರಿಗೆ ಗಣಿ ತೋಡಬೇಕಾಗಿರಲಿಲ್ಲ. ಬೆಟ್ಟದ ಕಲ್ಲು ಸವೆದು ಪುಡಿಯಾದಾಗ ಅದರಲ್ಲಿನ ಅಯಸ್ಕಾಂತ ಗುಣದ ಕಬ್ಬಿಣದ ಕಣಗಳು ಮಳೆಯ ನೀರಿನೊಡನೆ ಹಳ್ಳಕ್ಕೆ ಇಳಿಯುತ್ತವೆ. ಸಾಮಾನ್ಯ ಮರಳಿಗಿಂತ ಇವು ಭಾರ. ಹೀಗಾಗಿ ನೀರು ಹಗುರ ಮರಳನ್ನು ಮುಂದಕ್ಕೆ ಒಯ್ದು, ಕಪ್ಪು ಕಣಗಳನ್ನು ಹಳ್ಳದ ತಿರುವುಗಳಲ್ಲಿ ಬಿಟ್ಟುಹೋಗುತ್ತದೆ. ಇದೇ ಕರಿಮರಳು. ಮಳೆಗಾಲದ ತಿಂಗಳುಗಳಲ್ಲಿ ಇದನ್ನು ಬಾಚಿ, ತೊಳೆದು, ರಾಶಿ ಹಾಕುವುದು. ವರ್ಷದ ಉಳಿದ ತಿಂಗಳುಗಳಲ್ಲಿ ಅದನ್ನು ಕರಗಿಸುವುದು ಇದು ಕೆಲಸದ ಕ್ರಮ. ನಾಲ್ಕು ಜನ ಮಳೆಗಾಲದಲ್ಲಿ ಕೂಡಿಸಿದ ಮರಳು ಒಂದು ಕುಲುಮೆಗೆ ವರ್ಷದ ಉಳಿದ ಕಾಲಕ್ಕೆಲ್ಲ ಸಾಕಾಗುತ್ತಿತ್ತು ಎಂಬುದು ಬುಕಾನನ್ ನೀಡುವ ಲೆಕ್ಕ.

ಕರಗಿಸುವ ಕುಲುಮೆ ಮಣ್ಣಿನದು. ಇದ್ದಿಲು ಮತ್ತು ಕರಿಮರಳನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ, ಕೆಳಗಿನಿಂದ ಚರ್ಮದ ತಿದಿಯಿಂದ ಗಾಳಿ ಒತ್ತುತ್ತಿದ್ದರು. ಕೊನೆಗೆ ದೊರೆಯುತ್ತಿದ್ದುದು ನೀರಿನಂತೆ ಹರಿಯುವ ಕಬ್ಬಿಣವಲ್ಲ; ಕಿಟ್ಟ ಬೆರೆತ, ರಂಧ್ರ ತುಂಬಿದ ಒಂದು ಕೆಂಡದ ಮುದ್ದೆ. ಅದನ್ನು ಹೊರಗೆಳೆದು ಬಿಸಿ ಆರುವ ಮುನ್ನ ಬಡಿದು ಬಡಿದು ಕಿಟ್ಟವನ್ನು ಹಿಂಡಿ ತೆಗೆಯಬೇಕು. ಹಾಗೆ ಬಡಿಸಿಕೊಂಡ ಕಬ್ಬಿಣ ಮೆದು, ಬಾಗುವ ಗುಣದ್ದು. ನೇಗಿಲ ಗುಳಕ್ಕೂ, ಗಾಡಿಯ ಪಟ್ಟಿಗೂ ಅದೇ ಸಾಕು. ಕೋವಿಯ ನಳಿಗೆಗೆ ಬೇಕಾದದ್ದೂ ಇಂತಹ ಮೆದು ಕಬ್ಬಿಣವೇ ಎಂಬುದು ಗಮನಾರ್ಹ.

ಮೂಸೆಯೊಳಗಿನ ತಂಗಡಿ ಕಡ್ಡಿ

ಕಬ್ಬಿಣ ಉಕ್ಕಾಗಲು ಅದರೊಳಗೆ ಹದವಾಗಿ ಇಂಗಾಲ ಸೇರಬೇಕು. ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲ ಸೇರಿದರೆ ಕಬ್ಬಿಣದ ಸ್ವಭಾವವೇ ಬದಲಾಗುತ್ತದೆ. ಆದರೆ ಇಂಗಾಲ ಎಂಬ ಹೆಸರಾಗಲಿ, ಅದನ್ನು ತೂಗುವ ಬಗೆಯಾಗಲಿ ಇಲ್ಲಿನ ಕಮ್ಮಾರರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದುದು ತಂಗಡಿ ಗಿಡ. ಬೇಲಿ ಬದಿಯಲ್ಲಿ ಹಳದಿ ಹೂ ಬಿಡುವ, ಬರಗಾಲದಲ್ಲೂ ಒಣಗದ ಈ ಗಿಡದ ಕಡ್ಡಿಗಳನ್ನು ಗೊತ್ತಾದ ತೂಕದಲ್ಲಿ ತೆಗೆದುಕೊಂಡು, ಹಸಿಮಣ್ಣಿನ ಚಿಕ್ಕ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ಇಟ್ಟು, ಒಂದೆರಡು ಹಸಿರೆಲೆ ಮುಚ್ಚಿ, ಮೂಸೆಯ ಬಾಯಿಗೆ ಮಣ್ಣಿನ ಮುಚ್ಚಳ ಮೆತ್ತುತ್ತಿದ್ದರು. ಇಂತಹ ಹಲವು ಮೂಸೆಗಳನ್ನು ಕುಲುಮೆಯಲ್ಲಿ ಒತ್ತಾಗಿ ಜೋಡಿಸಿ, ಗಂಟೆಗಟ್ಟಲೆ ತಿದಿ ಒತ್ತಿದರೆ ಕಡ್ಡಿ ಸುಟ್ಟು ಬಂದ ಇಂಗಾಲ ಕಬ್ಬಿಣದೊಳಗೆ ಸೇರುತ್ತಿತ್ತು. ಆರಿದ ಮೂಸೆಯನ್ನು ಒಡೆದಾಗ ತಳದಲ್ಲಿ ಉಕ್ಕಿನ ಗಟ್ಟಿ ಸಿಗುತ್ತಿತ್ತು. ಗಟ್ಟಿಯ ಮೈಮೇಲೆ ಹರಳುಗಟ್ಟಿದ ಗೆರೆಗಳಿದ್ದರೆ ಉಕ್ಕು ಚೆನ್ನಾಗಿ ಕರಗಿದೆ ಎಂದರ್ಥ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ಸಹ ಸಂಸ್ಥಾನದಲ್ಲಿ ಉಕ್ಕು ಮುಖ್ಯವಾಗಿ ತಯಾರಾಗುವ ತಾಲ್ಲೂಕುಗಳೆಂದು ಹೆಗ್ಗಡದೇವನಕೋಟೆ, ಮಳವಳ್ಳಿ, ಕೊರಟಗೆರೆ ಮತ್ತು ಮಧುಗಿರಿಗಳನ್ನು ಹೆಸರಿಸುತ್ತದೆ. ಕಲ್ಲುಕುಟಿಗರ ಉಳಿ, ಕತ್ತಿ, ವಾದ್ಯಗಳ ತಂತಿ ಇವೆಲ್ಲ ಮೈಸೂರು ಸೀಮೆಯ ಉಕ್ಕಿನಿಂದ ಆಗುತ್ತಿದ್ದವು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿಗೆ ದೂರದ ಊರುಗಳಿಂದಲೂ ಬೇಡಿಕೆ ಇತ್ತು.

ಇದೇ ಜಾತಿಯ ಉಕ್ಕು ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಯಿತು. ಈ ಪದ ಕನ್ನಡದ ‘ಉಕ್ಕು’ ಶಬ್ದದ ಅಪಭ್ರಂಶ ಎಂಬುದನ್ನು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. 1794ರಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹೋದ ಮಾದರಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದ. ಮುಂದೆ ವಿದ್ಯುತ್ತಿನ ಸಂಶೋಧನೆಯಿಂದ ಜಗತ್ಪ್ರಸಿದ್ಧನಾದ ಮೈಕೇಲ್ ಫ್ಯಾರಡೆ, ಈತನೂ ಕಮ್ಮಾರನ ಮಗನೇ, ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನೊಡನೆ ಸೇರಿ 1820ರ ಆಸುಪಾಸಿನಲ್ಲಿ ಈ ಉಕ್ಕಿನ ಗುಟ್ಟು ತಿಳಿಯಲು ಹಲವು ಪ್ರಯೋಗ ನಡೆಸಿದ. ಇಂದಿನ ಮಿಶ್ರ ಉಕ್ಕುಗಳ ಶಾಸ್ತ್ರಕ್ಕೆ ಆ ಪ್ರಯೋಗಗಳೂ ಒಂದು ಆರಂಭ.

ಕೋಟೆಯಿಂದ ಕಾರ್ಖಾನೆಗೆ

ಹೈದರ್ ಅಲಿಗೆ 1761ರಲ್ಲಿ ಶಿರಾದ ನವಾಬ ಎಂಬ ಪದವಿ ದೊರೆಯಿತು. 1687ರಿಂದ ಮೊಗಲರ ಪ್ರಾಂತ್ಯವೊಂದರ ರಾಜಧಾನಿಯಾಗಿದ್ದ ಶಿರಾ, ಪಾಳೆಯಗಾರರ ಕೈಯಲ್ಲಿದ್ದ ಮಧುಗಿರಿ, ಪಾವಗಡ, ನಿಡಗಲ್ಲು ಕೋಟೆಗಳು ಕ್ರಮೇಣ ಅವನ ವಶವಾದವು. ಮಧುಗಿರಿ ಕೋಟೆಯಲ್ಲಿ ಬಿದನೂರಿನ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟ ಸಂಗತಿ ಎಲ್ಲರಿಗೂ ತಿಳಿದದ್ದೇ. ಕೋಟೆಗಳೊಡನೆ ಅವುಗಳ ಬುಡದ ಕುಲುಮೆಗಳೂ ಮೈಸೂರಿನ ಪಾಲಾದವು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಟಿಪ್ಪುವಿನ ಕಾಲಕ್ಕೆ ಕಸುಬುದಾರರನ್ನು ಒಂದೆಡೆ ಕೂಡಿಸುವ ಕೆಲಸ ರಾಜನೀತಿಯ ಭಾಗವಾಯಿತು. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಪೇಟೆ ಕಟ್ಟುವಾಗ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತು ಎಂದು ಗೆಜೆಟಿಯರ್ ಹೇಳುತ್ತದೆ. ಶಿರಾದ ವೈಭವ ಕುಂದಲು ಇದೂ ಒಂದು ಕಾರಣ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕು ಕಡೆ ‘ತಾರಾಮಂಡಲ ಪೇಟೆ’ ಎಂಬ ಕಾರ್ಖಾನೆಗಳು ಎದ್ದವು. ಕೋವಿ, ತೋಪು, ರಾಕೆಟ್ಟುಗಳ ಕೆಲಸ ಅಲ್ಲಿ ನಡೆಯುತ್ತಿತ್ತು. 2018ರಲ್ಲಿ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ ಕೊಳವೆಗಳು ಸಿಕ್ಕಾಗ ಆ ಕಾರ್ಖಾನೆಗಳು ಎಷ್ಟು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುತ್ತಿದ್ದವು ಎಂಬುದು ಹೊಸದಾಗಿ ಬೆಳಕಿಗೆ ಬಂತು.

ಟಿಪ್ಪುವಿನ ಖಾಸಾ ಕೋವಿಗಳು ಇಂದು ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯ, ಬ್ರಿಟಿಷ್ ರಾಜಮನೆತನದ ಸಂಗ್ರಹ ಮೊದಲಾದೆಡೆ ಇವೆ. ಹುಲಿಯ ಮುಖದ ಕುದುರೆ, ಹುಲಿಪಟ್ಟೆಯ ಅಲಂಕಾರ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಕೆಲವದರ ಮೇಲೆ ತಯಾರಕನ ಹೆಸರು ಹೀಗೆ ಪ್ರತಿಯೊಂದಕ್ಕೂ ತನ್ನದೇ ಗುರುತು. ಬೇಕಾದವನ ಕೈಗೆ, ಕಣ್ಣಿಗೆ ಹೊಂದುವಂತೆ ಒಂದೊಂದಾಗಿ ಮಾಡಿದ ಕೋವಿಗಳಿವು. ಇವುಗಳ ಬಗ್ಗೆಯೇ ರಾಬಿನ್ ವಿಗಿಂಗ್ಟನ್ 1992ರಲ್ಲಿ ಒಂದು ದೊಡ್ಡ ಗ್ರಂಥ ಹೊರತಂದಿದ್ದಾರೆ.

ನಳಿಗೆಯ ಒಳಗಿನ ಲೋಕ

ಕೋವಿಯೊಂದರಲ್ಲಿ ಎರಡು ಬಗೆಯ ಲೋಹ ಎರಡು ಬಗೆಯ ಕೆಲಸ ಮಾಡುತ್ತದೆ. ಮದ್ದು ಸಿಡಿದಾಗ ನಳಿಗೆ ಒಡೆಯಬಾರದು. ಆದ್ದರಿಂದ ಅದು ಒಡೆಯುವುದಕ್ಕಿಂತ ಮೊದಲು ಸ್ವಲ್ಪ ಹಿಗ್ಗಿ ತಡೆದುಕೊಳ್ಳುವ ಮೆದು ಕಬ್ಬಿಣದ್ದಾಗಿರಬೇಕು. ಕುದುರೆಯನ್ನು ಎಳೆದು ಬಿಡುವ ಸ್ಪ್ರಿಂಗು ಸಾವಿರ ಸಲ ಬಾಗಿದರೂ ಮೊದಲಿನ ಸ್ಥಿತಿಗೆ ಮರಳಬೇಕು. ಚಕಮಕಿ ಕಲ್ಲು ಬಡಿಯುವ ಫಲಕ ಕಿಡಿ ಕಾರುವಷ್ಟು ಗಟ್ಟಿ ಇರಬೇಕು. ಇವೆರಡಕ್ಕೂ ಉಕ್ಕೇ ಬೇಕು. ನಳಿಗೆ ಕೊರೆಯುವ, ಉಜ್ಜುವ ಹತಾರಗಳಿಗೂ ಉಕ್ಕೇ ಬೇಕು. ಯಾವುದಕ್ಕೆ ಯಾವುದು ಎಂಬ ತಿಳಿವಳಿಕೆ ಈ ಕಸುಬಿನ ಮೊದಲ ಪಾಠ.

ಯಂತ್ರಗಳ ಕಾಲಕ್ಕಿಂತ ಮೊದಲು ಲೋಕದ ಎಲ್ಲೆಡೆ ನಳಿಗೆ ಮಾಡುತ್ತಿದ್ದ ಬಗೆ ಹೆಚ್ಚುಕಡಮೆ ಒಂದೇ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಸರಳಿನ ಸುತ್ತ ಬಾಗಿಸಿ ಅಥವಾ ಸುರುಳಿ ಸುತ್ತಿ, ಅಂಚಿಗೆ ಅಂಚು ಕೂಡುವಂತೆ ಬಡಿದು ಬೆಸೆಯುವುದು. ಬಳಿಕ ಉದ್ದನೆಯ ಕೊರೆಗೋಲಿನಿಂದ ಒಳಗನ್ನು ಒಂದೇ ಅಳತೆಗೆ ತರುವುದು. ಇಷ್ಟಾದ ಮೇಲೆ ನಳಿಗೆ ನೇರವಾಗಿದೆಯೇ ಎಂದು ನೋಡಬೇಕು. ಅದಕ್ಕೆ ಅಂದಿನವರು ಬಳಸುತ್ತಿದ್ದ ಉಪಕರಣ ಕಣ್ಣು. ನಳಿಗೆಯ ಒಂದು ತುದಿಯನ್ನು ಬೆಳಕಿಗೆ ಹಿಡಿದು ಇನ್ನೊಂದು ತುದಿಯಿಂದ ನೋಡಿದರೆ ಒಳಗಿನ ಹೊಳಪಿನ ಮೇಲೆ ನೆರಳಿನ ಗೆರೆ ಬೀಳುತ್ತದೆ. ಗೆರೆ ಎಲ್ಲಿ ಕೊಂಕುತ್ತದೆಯೋ ಅಲ್ಲಿ ನಳಿಗೆಯೂ ಕೊಂಕಿದೆ. ಹದವಾದ ಒಂದು ಪೆಟ್ಟಿನಿಂದ ಅದನ್ನು ಸರಿಪಡಿಸುವ ಕೆಲಸಗಾರನಿಗೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಮೈಸೂರಿನ ಅಂದಿನ ಕೋವಿಗಳಲ್ಲಿ ಹೆಚ್ಚಿನವು ಒಳಮೈ ನುಣುಪಾಗಿದ್ದ ನಳಿಗೆಗಳು. ಒಳಗೆ ಸುರುಳಿಯಾಗಿ ಗೀರು ಕೊರೆದ ನಳಿಗೆಯ ಕೋವಿಗೇ ರೈಫಲ್ ಎಂದು ಹೆಸರು. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವಂತೆ, ಈ ಗೀರುಗಳ ನಡುವೆ ತಿರುಗುತ್ತ ಹೊರಬಿದ್ದ ಗುಂಡು ದಿಕ್ಕು ತಪ್ಪದೆ ಸಾಗುತ್ತದೆ. ಗೀರು ಕೊರೆಯುವ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಹಳೆಯ ಪದ್ಧತಿಯಲ್ಲಿ ಒಂದು ಸಣ್ಣ ಅಲಗನ್ನು ನಳಿಗೆಯ ಉದ್ದಕ್ಕೆ ತಿರುಗಿಸುತ್ತ ಎಳೆದಾಗ ಕೂದಲಿಗಿಂತ ತೆಳುವಾದ ಒಂದು ಎಳೆ ಮಾತ್ರ ಕೀಳುತ್ತಿತ್ತು. ಹೀಗೆ ಒಂದೊಂದು ಗೀರಿಗೂ ಹಲವಾರು ಎಳೆತ. ಎಲ್ಲ ಗೀರುಗಳ ಆಳ ಒಂದೇ ಆಗಿರಬೇಕು; ಒಂದು ಹೆಚ್ಚಾದರೆ ಗುಂಡು ಓರೆಯಾಗುತ್ತದೆ.

ಕೈಯಿಂದ ಅಳತೆಗೆ

ಶ್ರೀರಂಗಪಟ್ಟಣದಲ್ಲಿ ಕೋವಿ ತಯಾರಾಗುತ್ತಿದ್ದ ಕಾಲದಲ್ಲಿಯೇ ಯುರೋಪಿನಲ್ಲಿ ಇನ್ನೊಂದು ಬದಲಾವಣೆ ಮೊಳೆಯುತ್ತಿತ್ತು. 1774ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ತೋಪಿನ ನಳಿಗೆ ಕೊರೆಯುವ ಹೊಸ ಬಗೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅವನು ರೂಪಿಸಿದ ಕೊರೆಯುವ ಯಂತ್ರದಿಂದಲೇ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಬೇಕಾದ ಸರಿಯಾದ ಸಿಲಿಂಡರ್ ದೊರೆಯಿತು. ತೋಪಿಗಾಗಿ ಹುಟ್ಟಿದ ನಿಖರತೆ ಹೀಗೆ ಇಡೀ ಕೈಗಾರಿಕಾ ಕ್ರಾಂತಿಗೆ ದಾರಿಯಾಯಿತು.

1785ರಲ್ಲಿ ಫ್ರಾನ್ಸಿನ ಓನೊರೆ ಬ್ಲಾಂ ಎಂಬ ಕೋವಿ ತಯಾರಕ ಒಂದು ಪ್ರದರ್ಶನ ನೀಡಿದ. ಐವತ್ತು ಕೋವಿಗಳ ಕುದುರೆಯ ಬಿಡಿಭಾಗಗಳನ್ನು ಬೆರೆಸಿ ಮುಂದಿಟ್ಟ. ಅವುಗಳಲ್ಲಿ ಕೈಗೆ ಸಿಕ್ಕ ಭಾಗಗಳನ್ನು ತೆಗೆದು ಹಲವು ಕುದುರೆಗಳನ್ನು ಸ್ವತಃ ಜೋಡಿಸಿ ನೋಡಿದವರು ಥಾಮಸ್ ಜೆಫರ್ಸನ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಎಲ್ಲವೂ ಸರಿಯಾಗಿ ಕೂಡಿದವು. ಅಲ್ಲಿಯವರೆಗೆ ಒಂದು ಕೋವಿಯ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮೈಸೂರಿನಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಪ್ರತಿಯೊಂದನ್ನೂ ಅರದಿಂದ ಉಜ್ಜಿ ಅದರದೇ ಕೋವಿಗೆ ಕೂರಿಸಬೇಕಾಗಿತ್ತು. ಬ್ಲಾಂ ಕೆಲಸಗಾರನ ಅಂದಾಜಿನ ಜಾಗದಲ್ಲಿ ಒಂದು ಅಚ್ಚು ಅಳತೆಯನ್ನು ತಂದಿಟ್ಟ.

ಇದಾದ ಮೂರು ವರ್ಷಕ್ಕೆ, 1788ರ ಆಗಸ್ಟ್‌ನಲ್ಲಿ, ಟಿಪ್ಪುವಿನ ರಾಯಭಾರಿಗಳು ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತಿದ್ದರು. ಅವರ ಕೋರಿಕೆಗಳಲ್ಲಿ ಫ್ರೆಂಚ್ ಕಸುಬುದಾರರನ್ನು ಕಳುಹಿಸಿಕೊಡಬೇಕೆಂಬುದೂ ಒಂದು. ಕೆಲವರು ಬಂದದ್ದೂ ಉಂಟು. ಅಂದರೆ ಟಿಪ್ಪುವಿಗೆ ಹೊಸ ವಿದ್ಯೆ ಎಲ್ಲಿದೆ ಎಂಬುದು ಗೊತ್ತಿತ್ತು. ಅದನ್ನು ತರಿಸುವ ಹಟವೂ ಇತ್ತು. ಇರದೇ ಹೋದದ್ದು ಕಾಲಾವಕಾಶ. ಬ್ಲಾಂನ ವಿಚಾರ ಅಮೆರಿಕದ ಸರ್ಕಾರಿ ಕೋವಿ ಕಾರ್ಖಾನೆಗಳಲ್ಲಿ ಪೂರ್ತಿ ಫಲ ಕೊಡಲು ಇನ್ನೂ ನಾಲ್ಕೈದು ದಶಕ ಹಿಡಿಯಿತು. ಮೈಸೂರಿಗೆ ಸಿಕ್ಕಿದ್ದು ಹತ್ತು ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಯಲ್ಲಿ ದೊರೆತ 929 ತೋಪುಗಳನ್ನೂ, ಕೋವಿ ತಯಾರಿಸುವ ಕಾರ್ಖಾನೆಗಳನ್ನೂ, ನಳಿಗೆ ಕೊರೆಯುವ ಯಂತ್ರಗಳನ್ನೂ ಗೆದ್ದವರು ಪಟ್ಟಿ ಮಾಡಿಕೊಂಡರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಮ್ಮಾರನಿಗೂ ಸಲ್ಲುತ್ತದೆ.

ಮುಂದೆ ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪುಗಳಿಗೆ ಒಂದೇ ಮಾನಕ ಸೂಚಿಸಿದ. ಇಂಚಿನ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಅಳೆಯುವ ಯಂತ್ರ ನಿರ್ಮಿಸಿದ. 1850ರ ದಶಕದಲ್ಲಿ ಆರು ಮೂಲೆಯ ನಳಿಗೆಯ ರೈಫಲ್ ರೂಪಿಸಿದ. ಅಳತೆಯ ವಿದ್ಯೆಯೂ ಕೋವಿಯ ವಿದ್ಯೆಯೂ ಒಬ್ಬನ ಮೇಜಿನ ಮೇಲೆ ಒಂದಾಗಿದ್ದವು. ಅದೇ ಹೊತ್ತಿಗೆ ಆ ಎರಡೂ ವಿದ್ಯೆಗಳಿಗೆ ಕಚ್ಚಾ ಸಾಮಗ್ರಿ ಒದಗಿಸಬಲ್ಲ ಮಧುಗಿರಿಯ ಕುಲುಮೆ ನೇಗಿಲು, ಕುಡುಗೋಲುಗಳಿಗೆ ಸೀಮಿತವಾಗುತ್ತಿತ್ತು.

ಆರಿದ ಕುಲುಮೆ

ಕುಲುಮೆಗಳು ಒಂದೇ ದಿನದಲ್ಲಿ ಆರಲಿಲ್ಲ. ಅವುಗಳ ಮೇಲೆ ಒಂದಾದ ಮೇಲೊಂದು ಪೆಟ್ಟು ಬಿತ್ತು. ಮೊದಲನೆಯದು ಅರಮನೆಯ ಬೇಡಿಕೆ ನಿಂತದ್ದು. ಎರಡನೆಯದು ಇದ್ದಿಲು. ಸೇರು ಕಬ್ಬಿಣಕ್ಕೆ ಅದರ ಹಲವು ಪಟ್ಟು ಇದ್ದಿಲು ಬೇಕು. ಮೊದಲೇ ಕುರುಚಲು ಕಾಡಿನ ಈ ಸೀಮೆಯಲ್ಲಿ ಸೌದೆ ದೂರವಾಗುತ್ತ ಹೋಯಿತು. ಮೂರನೆಯದು 1876-78ರ ಮಹಾಕ್ಷಾಮ. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಒಳಗೆ ಇಳಿದಿತ್ತು. ಬಾಯಿಂದ ಕಿವಿಗೆ, ಕೈಯಿಂದ ಕೈಗೆ ಸಾಗುವ ವಿದ್ಯೆಗೆ ಒಂದು ತಲೆಮಾರು ತಪ್ಪಿದರೂ ಸಾಕು, ಅದು ಅಲ್ಲಿಗೇ ನಿಲ್ಲುತ್ತದೆ.

ನಾಲ್ಕನೆಯ ಪೆಟ್ಟು ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದರೊಡನೆ ವಿಲಾಯತಿಯ ಅಗ್ಗದ ಕಬ್ಬಿಣದ ಸರಳುಗಳೂ ಬಂದವು. ಕಮ್ಮಾರನಿಗೆ ಮರಳು ತೊಳೆದ ಕಬ್ಬಿಣಕ್ಕಿಂತ ಸಂತೆಯ ಸರಳೇ ಸುಲಭವಾಯಿತು. ಐದನೆಯದು ಕಾನೂನು. 1878ರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದನ್ನೂ ತಯಾರಿಸುವುದನ್ನೂ ಅಪರಾಧವಾಗಿಸಿತು. ಮಾರ್ಕ್ ಕಬ್ಬನ್ 1861ರಲ್ಲಿ ಹೊರಡಿಸಿದ ಪ್ರಕಟಣೆಯಿಂದ ಕೊಡವರಿಗೆ ವಿನಾಯಿತಿ ದೊರೆತಿತ್ತು. ಅದು ರೂಪ ಬದಲಿಸಿ ಇಂದಿಗೂ ನಡೆದುಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೊಡಗಿನಲ್ಲಿ ಕೈಲ್ಪೊಳ್ದು ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ. ಬಯಲುಸೀಮೆಗೆ ಅಂತಹ ವಿನಾಯಿತಿ ಇರಲಿಲ್ಲ. ಇಲ್ಲಿ ಕೋವಿ ಎಂದರೆ ಹಂದಿಯಿಂದ ಕಡಲೆಕಾಯಿ ಬೆಳೆ ಕಾಯಲು ಪರವಾನಗಿ ಪಡೆದ ರೈತನ ಮನೆಯ ಒಂಟಿನಳಿಗೆ. ಚುನಾವಣೆ ಬಂದಾಗ ಅದೂ ಪೊಲೀಸ್ ಠಾಣೆಗೆ.

ಕಾನೂನಿನ ಉದ್ದೇಶ ಏನೇ ಇರಲಿ, ಅದರಿಂದ ಹಳ್ಳಿಯ ಕಸುಬುದಾರನ ಪರಿಣತಿಗೆ ಇದ್ದ ಕೊನೆಯ ಗಿರಾಕಿಯೂ ಇಲ್ಲವಾದ. ಸರ್ಕಾರಕ್ಕೆ ಬೇಕಾದ ರೈಫಲ್‌ಗಳು 1904ರಿಂದ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದವು. 1923ರಲ್ಲಿ ಭದ್ರಾವತಿಯಲ್ಲಿ ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅಲ್ಲಿಯೂ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಲಾಯಿತು. ಆದರೆ ಅದು ಬೇರೆಯೇ ವಿದ್ಯೆ. ಮಲೆನಾಡಿನ ಕಾಡು, ಪರದೇಶದ ಯಂತ್ರ, ಎಂಜಿನಿಯರುಗಳ ಲೆಕ್ಕ. ಉಕ್ಕು ಕರಗಿಸುತ್ತಿದ್ದ ಸೀಮೆಯ ಹಳ್ಳಿಗಳಲ್ಲಿ ಕಮ್ಮಾರರು ಮುಂದೆ ಮಚ್ಚು, ಕುಡುಗೋಲುಗಳಿಗೆ ಗುಜರಿಯಿಂದ ತಂದ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸತೊಡಗಿದರು.

ಮತ್ತೆ ಬಂದ ಲೇತು

ಸ್ವಾತಂತ್ರ್ಯಾನಂತರ ನಿಖರತೆಯ ವಿದ್ಯೆ ಕರ್ನಾಟಕಕ್ಕೆ ಬೇರೊಂದು ಬಾಗಿಲಿನಿಂದ ಬಂತು. ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾಗಿ ಲೇತುಗಳನ್ನು ತಯಾರಿಸಿತು. ಯಂತ್ರಗಳನ್ನು ಮಾಡುವ ಯಂತ್ರ ಎಂಬುದೇ ಅಂದಿನ ಹೆಮ್ಮೆ. 1978ರಲ್ಲಿ ತುಮಕೂರಿಗೆ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಬಂತು. ಕೂದಲೆಳೆಯ ಲೆಕ್ಕದ ಕೆಲಸ ಜಿಲ್ಲೆಯ ಯುವಕ ಯುವತಿಯರ ಕೈಗೆ ಮತ್ತೆ ಸಿಕ್ಕಿತು. ಆ ಕಾರ್ಖಾನೆಯೂ 2016ರಲ್ಲಿ ಮುಚ್ಚಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಶಿರಾ ಕಡೆಗೆ ಹೋಗುವ ಹೆದ್ದಾರಿಯ ವಸಂತನರಸಾಪುರದಲ್ಲಿ ಯಂತ್ರೋಪಕರಣ ತಯಾರಿಕೆಗೆಂದೇ ಉದ್ಯಾನ ತಲೆಯೆತ್ತಿದೆ.

ಕೋವಿಯ ಕ್ಷೇತ್ರದಲ್ಲೂ ಬದಲಾವಣೆಯಾಗಿದೆ. ದಶಕಗಳ ಕಾಲ ರೈಫಲ್ ತಯಾರಿಕೆ ಸರ್ಕಾರಿ ಕಾರ್ಖಾನೆಗಳಿಗೆ ಮೀಸಲಾಗಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಬಳಿಕ ಖಾಸಗಿ ಕಂಪನಿಗಳಿಗೆ ಪರವಾನಗಿಯ ದಾರಿ ಸುಗಮವಾಯಿತು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ ದೂರದ ಗುರಿಗೆ ಹೊಡೆಯುವ ರೈಫಲ್‌ಗಳನ್ನು ಇಲ್ಲಿಯೇ ವಿನ್ಯಾಸ ಮಾಡಿ ತಯಾರಿಸಿತು. ಪರವಾನಗಿ ಇಲ್ಲದ ತಯಾರಿಕೆಗೆ ಮಾತ್ರ ಕಾನೂನು ಇನ್ನಷ್ಟು ಬಿಗಿಯಾಗಿದೆ. 2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿತು. ಹವ್ಯಾಸಕ್ಕೆಂದು ಮನೆಯ ಲೇತಿನಲ್ಲಿ ರೈಫಲ್ ಮಾಡಿಕೊಳ್ಳುವ ಅವಕಾಶ ಕೆಲವು ದೇಶಗಳಲ್ಲಿರುವಂತೆ ಇಲ್ಲಿಲ್ಲ. ಇಲ್ಲಿ ಈ ವಿದ್ಯೆ ಕಲಿಯುವವನ ದಾರಿ ಐಟಿಐ, ಟೂಲ್‌ರೂಮ್, ಪರವಾನಗಿ ಪಡೆದ ಕಾರ್ಖಾನೆ ಇವುಗಳ ಮೂಲಕವೇ ಸಾಗಬೇಕು.

ಆ ದಾರಿಯ ಮೊದಲ ಮೆಟ್ಟಿಲು ಸ್ವಾರಸ್ಯಕರವಾಗಿದೆ. ಐಟಿಐಯಲ್ಲಿ ಫಿಟ್ಟರ್ ತರಬೇತಿಗೆ ಸೇರಿದ ಹುಡುಗನಿಗೆ ಮೊದಲು ಕೊಡುವುದು ಕಂಪ್ಯೂಟರ್ ನಡೆಸುವ ಯಂತ್ರವನ್ನಲ್ಲ, ಒಂದು ಅರ ಮತ್ತು ಒಂದು ಕಬ್ಬಿಣದ ತುಂಡು. ಅದರ ಮೈಯನ್ನು ಸಮತಟ್ಟು ಮಾಡು, ಮೂಲೆಮಟ್ಟ ಇಟ್ಟಾಗ ಸಂದಿಯಲ್ಲಿ ಬೆಳಕು ನುಸುಳಬಾರದು ಎಂಬುದು ಪಾಠ. ಅಂಗೈ ಬೊಕ್ಕೆ ಏಳುವವರೆಗೂ ಅದೇ ಕೆಲಸ. ಆಮೇಲೆ ವರ್ನಿಯರ್, ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ತೋರಿಸುವ ಮೈಕ್ರೋಮೀಟರ್, ಲೇತು, ಕೊನೆಗೆ ಸಿಎನ್‌ಸಿ. ಮನುಷ್ಯನ ಕೂದಲಿನ ದಪ್ಪ ಸುಮಾರು ಏಳು ನೂರಾಂಶ ಮಿಲಿಮೀಟರ್. ಒಳ್ಳೆಯ ರೈಫಲಿನಲ್ಲಿ ಗುಂಡು ಕೂರುವ ಗೂಡಿನ ನಡುಗೆರೆಯೂ ನಳಿಗೆಯ ನಡುಗೆರೆಯೂ ಒಂದಕ್ಕೊಂದು ಅದಕ್ಕಿಂತ ಎಷ್ಟೋ ಕಡಮೆ ಅಂತರದಲ್ಲಿ ಕೂಡಬೇಕು. ಅಳತೆಯನ್ನು ಯಂತ್ರ ಹೇಳುತ್ತದೆ. ಆದರೆ ಅಲಗು ಲೋಹವನ್ನು ಕಡಿಯುತ್ತಿದೆಯೋ ಉಜ್ಜುತ್ತಿದೆಯೋ ಎಂಬುದನ್ನು ಸದ್ದಿನಿಂದಲೇ ತಿಳಿಯುವುದು ಕಲಿತ ಕಿವಿ. ತಂಗಡಿ ಕಡ್ಡಿಯ ತೂಕವನ್ನು ಅಂದಾಜಿಸಿದ ಕೈಗೂ ಈ ಕಿವಿಗೂ ‘ಹದ’ ಎಂಬ ಒಂದೇ ಮಾತು ಸಲ್ಲುತ್ತದೆ.

ಬರೆದಿಟ್ಟವರು ಯಾರು?

ಮಧುಗಿರಿಯ ಉಕ್ಕಿನವರು ಸೋತದ್ದು ವಿದ್ಯೆ ಸಾಲದೆ ಅಲ್ಲ. ಅವರ ಉಕ್ಕನ್ನು ಅರ್ಥಮಾಡಿಕೊಳ್ಳಲು ಫ್ಯಾರಡೆಯಂತಹವನೇ ಹೆಣಗಬೇಕಾಯಿತು. ಅವರ ವಿದ್ಯೆ ಕುಟುಂಬದ ಒಳಗೆ, ಕುಲುಮೆಯ ಸುತ್ತ ಮಾತ್ರ ಇತ್ತು. ಗಿರಾಕಿ ಇರುವವರೆಗೆ ತಂದೆ ಮಗನಿಗೆ ಕಲಿಸಿದ. ಗಿರಾಕಿ ಹೋದ ಮೇಲೆ ಕಲಿಸಲು ಕಾರಣವೇ ಉಳಿಯಲಿಲ್ಲ. ಆ ವಿದ್ಯೆಯನ್ನು ಬರೆದಿಟ್ಟವನು ಕೆಲವೇ ದಿನ ಇಲ್ಲಿ ತಂಗಿ ಮುಂದೆ ಹೋದ ಪರದೇಶಿ ವೈದ್ಯ. ತಿದಿ ಎಷ್ಟು ಹೊತ್ತು ಒತ್ತಬೇಕೆಂದು ಅವನು ಕೇಳಿ ಬರೆದುಕೊಂಡ. ಒತ್ತುವವನ ಕೈಗೆ ಯಾವಾಗ ಸಾಕೆನಿಸುತ್ತಿತ್ತು ಎಂಬುದನ್ನು ಅವನು ಕೇಳಲಿಲ್ಲ. ಕೇಳಿದ್ದರೂ ಅದು ಪುಸ್ತಕಕ್ಕೆ ಇಳಿಯುವಂತಹದ್ದಲ್ಲ.

ಇದೇ ಮಾತು ಹೊಸ ಕಾಲಕ್ಕೂ ಅನ್ವಯಿಸುತ್ತದೆ. ತುಮಕೂರಿನ ಗಡಿಯಾರ ಕಾರ್ಖಾನೆ ಮೂರೂವರೆ ದಶಕ ಮೀರಿ ನಡೆದು ಬಾಗಿಲು ಹಾಕಿದಾಗ ಅಲ್ಲಿ ಪಳಗಿದ ಕೈಗಳೂ ಚದುರಿದವು. ಯಂತ್ರವನ್ನು ಮತ್ತೆ ಕೊಳ್ಳಬಹುದು, ಕಟ್ಟಡವನ್ನು ಮತ್ತೆ ಕಟ್ಟಬಹುದು. ಒಬ್ಬ ನುರಿತ ಕೆಲಸಗಾರನ ಪಕ್ಕದಲ್ಲಿ ನಿಂತು ಕಲಿತ ಐದು ವರ್ಷಗಳನ್ನು ಮಾತ್ರ ಕೊಳ್ಳಲಾಗದು. ಪಾವಗಡದ, ಮಧುಗಿರಿಯ ಹುಡುಗರು ಕೆಲಸ ಹುಡುಕಿ ಪೀಣ್ಯಕ್ಕೋ ವಸಂತನರಸಾಪುರಕ್ಕೋ ಬಸ್ಸು ಹತ್ತುವಾಗ ಅವರಿಗೆ ಸಿಗುವುದು ಗುಂಡಿ ಒತ್ತುವ ಕೆಲಸವೋ, ಕೈ ಪಳಗುವ ಕೆಲಸವೋ ಎಂಬುದರ ಮೇಲೆ ಈ ಸೀಮೆಯ ಹಳೆಯ ಸರಪಳಿ ಮತ್ತೆ ಕೂಡುವುದು ನಿಂತಿದೆ. ಮಳೆ ಬಂದಾಗ ಚನ್ನರಾಯನದುರ್ಗದ ಬುಡದ ಹಳ್ಳಗಳಲ್ಲಿ ಕರಿಮರಳು ಈಗಲೂ ಇಳಿಯುತ್ತದೆ. ಅದನ್ನು ಬಾಚುವವರಿಲ್ಲ.